ಕಿತ್ತ ಹಳಿಯ ಪುನಃಸ್ಥಾಪನೆ: ಸ್ಕಾಟ್ಲೆಂಡಿನ ವೇವರ್ಲಿ ರೈಲುಮಾರ್ಗವೂ ಸ್ಥಳೀಯರ ಆಕ್ಷೇಪಣೆಗಳೂ

೧. ಪೀಠಿಕೆ

ರೈಲುಮಾರ್ಗಗಳ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಅವುಗಳ ನಿರ್ಮಾಣದ ಕಥೆಯನ್ನೇ ವಿಸ್ತಾರವಾಗಿ ಹೇಳಿದ್ದಾರೆ. ಬೆಟ್ಟವನ್ನು ಕೊರೆದದ್ದು, ನದಿಗೆ ಸೇತುವೆ ಕಟ್ಟಿದ್ದು, ಬಂಡವಾಳವನ್ನು ಕೂಡಿಸಿದ್ದು, ಇವೇ ಅಂಥ ಗ್ರಂಥಗಳ ಮುಖ್ಯ ವಸ್ತು. ಕಟ್ಟಿದ ಮಾರ್ಗವನ್ನು ಮುಚ್ಚಿದ ಕಥೆಗೆ ಅವುಗಳಲ್ಲಿ ದೊರೆಯುವ ಸ್ಥಳ ಸ್ವಲ್ಪ. ಮುಚ್ಚಿದ್ದನ್ನು ಮತ್ತೆ ತೆರೆದ ಕಥೆಗೆ ಇನ್ನೂ ಸ್ವಲ್ಪ. ಆದರೆ ರಾಜ್ಯಕ್ಕೂ ಪ್ರಜೆಗೂ ಇರುವ ಸಂಬಂಧವನ್ನು ಅರಿಯಬಯಸುವ ಇತಿಹಾಸಕಾರನಿಗೆ ಈ ಎರಡು ಕಥೆಗಳು ಮೊದಲನೆಯದಕ್ಕಿಂತ ಕಡಿಮೆ ಬೆಲೆಯವಲ್ಲ.

ಸ್ಕಾಟ್ಲೆಂಡಿನ ದಕ್ಷಿಣದ ಗಡಿನಾಡಿನಲ್ಲಿ ಎಡಿನ್‌ಬರೊ ನಗರದಿಂದ ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣಕ್ಕೆ ಹೋಗುತ್ತಿದ್ದ ವೇವರ್ಲಿ ಮಾರ್ಗವು ೧೯೬೯ರಲ್ಲಿ ಮುಚ್ಚಿಹೋಯಿತು. ಅದರ ಉತ್ತರಭಾಗವು ೨೦೧೫ರಲ್ಲಿ ಮತ್ತೆ ತೆರೆಯಿತು. ನಡುವೆ ಕಳೆದದ್ದು ನಲವತ್ತಾರು ವರ್ಷ. ಈ ಅವಧಿಯ ಎರಡು ಕೊನೆಗಳಲ್ಲಿಯೂ ಸ್ಥಳೀಯ ಜನರು ಆಕ್ಷೇಪಣೆ ಸಲ್ಲಿಸಿದರು. ಮೊದಲ ಸಲ ಮಾರ್ಗವನ್ನು ಮುಚ್ಚಬಾರದೆಂದು. ಎರಡನೆಯ ಸಲ, ಅವರಲ್ಲಿ ಕೆಲವರು, ಅದನ್ನು ತಮ್ಮ ನೆಲದ ಮೇಲೆ ತೆರೆಯಬಾರದೆಂದು. ಈ ಎರಡು ಆಕ್ಷೇಪಣೆಗಳನ್ನು ರಾಜ್ಯವು ಯಾವ ಕಿವಿಯಿಂದ ಕೇಳಿತು, ಎಷ್ಟು ಕೇಳಿತು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨. ಮಾರ್ಗದ ಪೂರ್ವವೃತ್ತಾಂತ

ಸರ್ ವಾಲ್ಟರ್ ಸ್ಕಾಟನ ಹೆಸರು ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಅಪರಿಚಿತವಲ್ಲ. ಅವನ ‘ವೇವರ್ಲಿ’ ಕಾದಂಬರಿ ಪ್ರಕಟವಾದದ್ದು ೧೮೧೪ರಲ್ಲಿ. ಅವನು ಕಟ್ಟಿಸಿ ವಾಸಿಸಿದ ಆಬಟ್ಸ್‌ಫರ್ಡ್ ಮನೆಯು ಟ್ವೀಡ್ ನದಿಯ ದಡದಲ್ಲಿ, ಮೆಲ್‌ರೋಸ್ ಊರಿಗೆ ಸಮೀಪದಲ್ಲಿದೆ. ಆ ಪ್ರದೇಶದ ಮೂಲಕ ಹಾದುಹೋದ ರೈಲುಮಾರ್ಗಕ್ಕೆ ಅವನ ಕೃತಿಯ ಹೆಸರೇ ಅಂಟಿಕೊಂಡಿತು.

ಮಾರ್ಗವನ್ನು ಕಟ್ಟಿದ್ದು ನಾರ್ತ್ ಬ್ರಿಟಿಷ್ ರೈಲ್ವೆ ಕಂಪನಿ. ಎಡಿನ್‌ಬರೊದಿಂದ ಹೊರಟ ಹಳಿಯು ೧೮೪೯ರಲ್ಲಿ ಗ್ಯಾಲಷೀಲ್ಸ್ ಪಟ್ಟಣವನ್ನೂ ಅದೇ ವರ್ಷದ ಕೊನೆಯ ಭಾಗದಲ್ಲಿ ಹಾಯ್ಕ್ ಪಟ್ಟಣವನ್ನೂ ಮುಟ್ಟಿತು. ಅಲ್ಲಿಂದ ಕಾರ್ಲೈಲಿನವರೆಗಿನ ಭಾಗವು ತೆರೆದದ್ದು ೧೮೬೨ರಲ್ಲಿ. ಒಟ್ಟು ಉದ್ದ ಸುಮಾರು ೯೮ ಮೈಲಿ. ಗ್ಯಾಲಷೀಲ್ಸ್ ಮತ್ತು ಹಾಯ್ಕ್ ಎರಡೂ ಉಣ್ಣೆಯ ಗಿರಣಿಗಳಿಗೆ ಹೆಸರಾದ ಊರುಗಳು. ಗಿರಣಿಗಳಿಗೆ ಬೇಕಾದ ಕಲ್ಲಿದ್ದಲು ಒಳಕ್ಕೆ ಬಂದುದೂ, ನೆಯ್ದ ಬಟ್ಟೆ, ಹೆಣೆದ ಉಡುಪು ಹಾಗೂ ಬೆಟ್ಟದ ಕುರಿಗಳು ಹೊರಕ್ಕೆ ಹೋದುದೂ ಈ ಹಳಿಯ ಮೇಲೆಯೇ. ಹಾಯ್ಕಿನ ದಕ್ಷಿಣಕ್ಕೆ ಮಾರ್ಗವು ಜನವಿರಳವಾದ ಗುಡ್ಡಗಾಡನ್ನು ಪ್ರವೇಶಿಸುತ್ತಿತ್ತು. ಅಲ್ಲಿದ್ದ ರಿಕಾರ್ಟನ್ ಜಂಕ್ಷನ್ ಎಂಬುದು ರೈಲ್ವೆ ನೌಕರರಿಗಾಗಿಯೇ ಹುಟ್ಟಿದ ಒಂದು ಹಳ್ಳಿ. ಬಹುಕಾಲದವರೆಗೆ ಆ ಹಳ್ಳಿಗೆ ರಸ್ತೆಯೇ ಇರಲಿಲ್ಲ. ೧೮೭೬ರಲ್ಲಿ ಮಿಡ್‌ಲೆಂಡ್ ಕಂಪನಿಯು ಸೆಟ್ಲ್ ಊರಿನಿಂದ ಕಾರ್ಲೈಲಿಗೆ ತನ್ನ ಸ್ವಂತ ಮಾರ್ಗವನ್ನು ತೆರೆದ ಮೇಲೆ ವೇವರ್ಲಿ ಮಾರ್ಗವು ಲಂಡನ್ನಿನಿಂದ ಎಡಿನ್‌ಬರೊಗೆ ಹೋಗುವ ದೂರಪ್ರಯಾಣದ ಒಂದು ಅಂಗವಾಯಿತು. ಆದರೂ ಏರುಇಳಿತಗಳೂ ತಿರುವುಗಳೂ ಅಧಿಕವಾಗಿದ್ದುದರಿಂದ ಅದನ್ನು ನಡೆಸುವ ವೆಚ್ಚವು ಎಂದೂ ಕಡಿಮೆಯಾಗಿರಲಿಲ್ಲ.

೩. ಮುಚ್ಚುಗಡೆ: ಕೇಳಬಹುದಾದ ಪ್ರಶ್ನೆ, ಕೇಳಬಾರದ ಪ್ರಶ್ನೆ

೧೯೪೮ರಲ್ಲಿ ಬ್ರಿಟನ್ನಿನ ರೈಲುಗಳು ರಾಷ್ಟ್ರದ ಸ್ವತ್ತಾದವು. ಮೋಟಾರು ವಾಹನಗಳ ಸ್ಪರ್ಧೆಯಿಂದ ನಷ್ಟವು ವರ್ಷೇ ವರ್ಷೇ ಬೆಳೆಯಿತು. ರೈಲ್ವೆ ಮಂಡಲಿಯ ಅಧ್ಯಕ್ಷರಾಗಿದ್ದ ಡಾಕ್ಟರ್ ರಿಚರ್ಡ್ ಬೀಚಿಂಗರು ೧೯೬೩ರ ಮಾರ್ಚಿಯಲ್ಲಿ ಪ್ರಕಟಿಸಿದ ವರದಿಯು ಸುಮಾರು ೫,೦೦೦ ಮೈಲಿ ಮಾರ್ಗವನ್ನೂ ೨,೩೬೩ ನಿಲ್ದಾಣಗಳನ್ನೂ ಮುಚ್ಚಬೇಕೆಂದು ಸೂಚಿಸಿತು. ವೇವರ್ಲಿ ಮಾರ್ಗವು ಆ ಪಟ್ಟಿಯಲ್ಲಿತ್ತು.

ಇಲ್ಲಿ ಮುಚ್ಚುಗಡೆಯ ಕಾನೂನುಕ್ರಮವನ್ನು ಗಮನವಿಟ್ಟು ನೋಡಬೇಕು. ೧೯೬೨ರ ಸಾರಿಗೆ ಶಾಸನದ ಪ್ರಕಾರ, ಮಾರ್ಗವೊಂದನ್ನು ಮುಚ್ಚುವ ಪ್ರಸ್ತಾಪ ಬಂದಾಗ ಸಾರಿಗೆ ಬಳಕೆದಾರರ ಸಲಹಾ ಸಮಿತಿಯ ಮುಂದೆ ಆಕ್ಷೇಪಣೆ ಸಲ್ಲಿಸಲು ಪ್ರಯಾಣಿಕರಿಗೆ ಹಕ್ಕಿತ್ತು. ಆದರೆ ಸಮಿತಿಯು ವಿಚಾರಿಸಬಹುದಾಗಿದ್ದದ್ದು ಒಂದೇ ವಿಷಯ: ಮುಚ್ಚುಗಡೆಯಿಂದ ಪ್ರಯಾಣಿಕರಿಗೆ ಕಷ್ಟವಾಗುವುದೇ ಇಲ್ಲವೇ ಎಂಬುದು. ರೈಲ್ವೆಯು ಮಂಡಿಸಿದ ನಷ್ಟದ ಲೆಕ್ಕ ಸರಿಯೇ, ವೆಚ್ಚವನ್ನು ತಗ್ಗಿಸಿ ಮಾರ್ಗವನ್ನು ಉಳಿಸಬಹುದೇ, ಆ ಪ್ರದೇಶದ ಮುಂದಿನ ಬೆಳವಣಿಗೆಗೆ ಅದು ಅವಶ್ಯವೇ ಎಂಬ ಪ್ರಶ್ನೆಗಳು ಸಮಿತಿಯ ಅಧಿಕಾರಕ್ಕೆ ಹೊರಗಾಗಿದ್ದವು. ಜನರ ಮನಸ್ಸಿನಲ್ಲಿದ್ದ ಮುಖ್ಯ ಪ್ರಶ್ನೆಗಳೇ ಇವು. ಸಮಿತಿಯ ಮುಂದೆ ಒಬ್ಬನು ತನ್ನ ಕಷ್ಟವನ್ನು ಹೇಳಿಕೊಳ್ಳಬಹುದಾಗಿತ್ತು. ಆ ಕಷ್ಟಕ್ಕೆ ಕಾರಣವಾದ ತೀರ್ಮಾನವನ್ನು ಪ್ರಶ್ನಿಸುವಂತಿರಲಿಲ್ಲ. ಸಮಿತಿಯ ವರದಿ ಏನೇ ಇರಲಿ, ಕೊನೆಯ ಮಾತು ಸಚಿವರದಾಗಿತ್ತು.

ರಾಜ್ಯದ ಒಂದು ಕೈ ಮಾಡಿದ್ದು ಇನ್ನೊಂದು ಕೈಗೆ ಹೊಂದಿರಲಿಲ್ಲವೆಂಬುದೂ ಸ್ಪಷ್ಟ. ಅದೇ ದಶಕದಲ್ಲಿ ಗಡಿನಾಡಿನ ಜನಸಂಖ್ಯೆ ಇಳಿಯುತ್ತಿರುವುದನ್ನು ಕಂಡು ಸರ್ಕಾರವು ಅಲ್ಲಿ ಹೊಸ ವಸತಿಗಳನ್ನು ಬೆಳೆಸುವ ಯೋಜನೆಯನ್ನು ಹಾಕಿಕೊಂಡಿತ್ತು. ಗ್ಯಾಲಷೀಲ್ಸಿನ ಬಳಿ ಟ್ವೀಡ್‌ಬ್ಯಾಂಕ್ ಎಂಬ ಹೊಸ ಊರು ಹುಟ್ಟಿದ್ದು ಈ ಯೋಜನೆಯಿಂದ. ಊರು ಬರುವ ಮೊದಲೇ ಅದರ ಪಕ್ಕದ ರೈಲು ಹೋಗಿತ್ತು. ಸ್ಕಾಟ್ಲೆಂಡಿನ ವ್ಯವಹಾರಗಳ ಸಚಿವ ವಿಲಿಯಂ ರಾಸ್ ಅವರು ಮುಚ್ಚುಗಡೆಯನ್ನು ಸಂಪುಟದೊಳಗೆ ವಿರೋಧಿಸಿದರು. ಆದರೆ ಸಾರಿಗೆ ಸಚಿವ ರಿಚರ್ಡ್ ಮಾರ್ಷ್ ಅವರ ಅಭಿಪ್ರಾಯವೇ ಮೇಲಾಯಿತು. ೧೯೬೮ರ ಜುಲೈಯಲ್ಲಿ ತೀರ್ಮಾನವು ಪ್ರಕಟವಾಯಿತು. ನಷ್ಟದಲ್ಲಿದ್ದರೂ ಸಮಾಜಕ್ಕೆ ಅವಶ್ಯಕವಾದ ಮಾರ್ಗಗಳಿಗೆ ಸಹಾಯಧನ ಕೊಡಲು ಅವಕಾಶವಿತ್ತ ಸಾರಿಗೆ ಶಾಸನವು ಜಾರಿಗೆ ಬಂದದ್ದೂ ಅದೇ ೧೯೬೮ರಲ್ಲಿಯೇ. ಆ ಶಾಸನದ ನೆರಳು ವೇವರ್ಲಿ ಮಾರ್ಗಕ್ಕೆ ದೊರೆಯಲಿಲ್ಲ.

ಹಾಯ್ಕಿನ ಮ್ಯಾಜ್ ಎಲಿಯಟ್ ಎಂಬ ಗೃಹಿಣಿಯು ೧೧ ಸಾವಿರಕ್ಕೂ ಮಿಕ್ಕ ಸಹಿಗಳಿದ್ದ ಮನವಿಯನ್ನು ೧೯೬೮ರ ಡಿಸೆಂಬರಿನಲ್ಲಿ ಲಂಡನ್ನಿಗೆ ಒಯ್ದು ಪ್ರಧಾನಮಂತ್ರಿಯ ನಿವಾಸದಲ್ಲಿ ಒಪ್ಪಿಸಿದಳು. ಫಲವಾಗಲಿಲ್ಲ. ೧೯೬೯ರ ಜನವರಿ ೫ರ ರಾತ್ರಿ ಲಂಡನ್ನಿಗೆ ಹೊರಟ ಕಡೆಯ ಗಾಡಿಯು ಹಾಯ್ಕನ್ನು ದಾಟಿ ನ್ಯೂಕ್ಯಾಸಲ್‌ಟನ್ ಎಂಬ ಹಳ್ಳಿಗೆ ಬಂದಾಗ ಊರಿನ ಜನರು ಲೆವೆಲ್ ಕ್ರಾಸಿಂಗಿನ ಗೇಟುಗಳನ್ನು ಹಾಕಿ ಹಳಿಯ ಮೇಲೆ ನಿಂತರು. ಅವರ ಮುಂದಾಳು ಊರಿನ ಚರ್ಚಿನ ಪಾದ್ರಿ ಬ್ರೈಡನ್ ಮೇಬನ್. ಪೊಲೀಸರು ಪಾದ್ರಿಯನ್ನು ಬಂಧಿಸಿದರು. ಅದೇ ಗಾಡಿಯಲ್ಲಿದ್ದ ಆ ಕ್ಷೇತ್ರದ ಪಾರ್ಲಿಮೆಂಟು ಸದಸ್ಯ ಡೇವಿಡ್ ಸ್ಟೀಲ್ ಅವರು ಕೆಳಗಿಳಿದು ಸಂಧಾನ ನಡೆಸಿದರು. ಪಾದ್ರಿಯನ್ನು ಬಿಡುವುದು, ಜನರು ಚದುರುವುದು ಎಂಬುದೇ ಒಪ್ಪಂದ. ತಡವಾಗಿ ಗಾಡಿ ಮುಂದೆ ಸಾಗಿತು. ಶಾಸನವು ಅವರಿಗೆ ಕೊಟ್ಟಿದ್ದ ಕಿರಿದಾದ ಬಾಗಿಲಿನಲ್ಲಿ ಹೇಳಲಾಗದ ಮಾತನ್ನು ಆ ಹಳ್ಳಿಯವರು ಗೇಟು ಹಾಕಿ ಹೇಳಿದರೆಂದು ಈ ಘಟನೆಯನ್ನು ಅರ್ಥಮಾಡಿಕೊಳ್ಳಬಹುದು.

೪. ಮೂವತ್ತು ವರ್ಷದ ಮೌನ

ಮುಚ್ಚಿದ ಮಾರ್ಗವನ್ನು ಕೊಂಡು ತಾವೇ ನಡೆಸುವೆವೆಂದು ಖಾಸಗಿ ಕಂಪನಿಯೊಂದು ಮುಂದೆ ಬಂದರೂ ಹಣವನ್ನು ಹೊಂದಿಸಲಾರದೆ ಹಿಂದೆ ಸರಿಯಿತು. ಎಪ್ಪತ್ತರ ದಶಕದ ಆದಿಯಲ್ಲಿ ಹಳಿಗಳನ್ನು ಕಿತ್ತರು. ಇದರ ಮುಂದಿನದು ಸದ್ದಿಲ್ಲದೆ ನಡೆದ ಕಥೆ. ಆದರೆ ನಮ್ಮ ವಿಷಯಕ್ಕೆ ಅದೇ ತಿರುಳು.

ಹಳಿಯನ್ನು ಕಿತ್ತ ಮಾತ್ರಕ್ಕೆ ಮಾರ್ಗವು ಸಾಯುವುದಿಲ್ಲ. ಕೆಳಗಿನ ನೆಲದ ಪಟ್ಟಿ ಅಖಂಡವಾಗಿದ್ದರೆ ಯಾವಾಗಲಾದರೂ ಮತ್ತೆ ಕಂಬಿ ಹಾಸಬಹುದು. ಪಟ್ಟಿಯು ತುಂಡುತುಂಡಾಗಿ ಬೇರೆ ಬೇರೆಯವರ ಕೈ ಸೇರಿದಾಗಲೇ ಮಾರ್ಗವು ನಿಜವಾಗಿ ಅಳಿಯುವುದು. ವೇವರ್ಲಿ ಮಾರ್ಗದಲ್ಲಿ ಆದದ್ದು ಇದು. ಎಂಬತ್ತರ ದಶಕದಲ್ಲಿ ಕಟ್ಟಿದ ಎಡಿನ್‌ಬರೊ ನಗರದ ಹೊರವರ್ತುಲ ರಸ್ತೆಯು ಹಳೆಯ ಜಾಡನ್ನು ಅಡ್ಡಹಾಯ್ದಿತು. ಹಾರ್ಡನ್‌ಗ್ರೀನ್ ಎಂಬಲ್ಲಿ ಹೆದ್ದಾರಿಯ ವೃತ್ತವೊಂದು ಸರಿಯಾಗಿ ಜಾಡಿನ ಮೇಲೆಯೇ ಕುಳಿತಿತು. ಗ್ಯಾಲಷೀಲ್ಸಿನಲ್ಲಿ ರೈಲಿನ ನೆಲದ ಭಾಗಗಳ ಮೇಲೆ ಕಟ್ಟಡಗಳೆದ್ದವು. ನಗರಕ್ಕೆ ಸಮೀಪದ ಭಾಗದಲ್ಲಿ ಕಲ್ಲಿದ್ದಲ ಗಣಿಗಳಿಂದ ನೆಲವೇ ಕುಸಿದಿದ್ದುದರಿಂದ ಹಳೆಯ ಜಾಡನ್ನು ಬಿಟ್ಟು ಬೇರೆ ಜಾಡನ್ನು ಹುಡುಕಬೇಕಾಯಿತು. ಇಷ್ಟಾದರೂ ೨೩ ಕಮಾನುಗಳ ಲೋಥಿಯನ್‌ಬ್ರಿಜ್ ಸೇತುವೆಯಂಥ ಕೆಲವು ದೊಡ್ಡ ಕಟ್ಟಡಗಳು ಉಳಿದುಕೊಂಡಿದ್ದವು.

ಇದರಲ್ಲಿ ಯಾರನ್ನೂ ದೂರುವಂತಿಲ್ಲ. ರೈಲು ಮತ್ತೆ ಬಾರದೆಂದು ಸರ್ಕಾರವೇ ಸಾರಿದ ಮೇಲೆ ಆ ನೆಲದ ಪಕ್ಕದಲ್ಲಿ ಮನೆ ಕೊಂಡವನು ನಂಬಿಕೆಯಿಂದ ಕೊಂಡನು. ಪಾಳುಬಿದ್ದ ಗೋಡೆಯ ಮೇಲೆ ಅಶ್ವತ್ಥದ ಸಸಿ ಬೇರೂರುವಂತೆ, ಪಾಳುಬಿದ್ದ ಹಕ್ಕಿನ ಮೇಲೆ ಹೊಸ ಹಕ್ಕುಗಳು ಬೇರೂರುತ್ತವೆ. ಗೋಡೆಯನ್ನು ಮತ್ತೆ ಎತ್ತಬೇಕೆನ್ನುವವನು ಆ ಬೇರುಗಳಿಗೆ ಲೆಕ್ಕ ಕೊಡಬೇಕಾಗುತ್ತದೆ.

೫. ವಿಧೇಯಕವೂ ಆಕ್ಷೇಪಣೆಗಳೂ

೧೯೯೯ರಲ್ಲಿ ಎರಡು ಘಟನೆಗಳು ಒಟ್ಟಿಗೆ ನಡೆದವು. ಸ್ಕಾಟ್ಲೆಂಡಿಗೆ ತನ್ನದೇ ಆದ ಪಾರ್ಲಿಮೆಂಟು ಬಂದಿತು; ಅದರ ಮೊದಲ ಸಭಾಧ್ಯಕ್ಷರಾದವರು ಹಿಂದೆ ಆ ರಾತ್ರಿ ಗಾಡಿಯಿಂದಿಳಿದು ಸಂಧಾನ ನಡೆಸಿದ್ದ ಡೇವಿಡ್ ಸ್ಟೀಲ್ ಅವರೇ. ಅದೇ ವರ್ಷ ಗಡಿನಾಡಿನ ರೈಲಿಗಾಗಿ ಒಂದು ಜನಾಂದೋಲನ ಸಂಸ್ಥೆಯೂ ಹುಟ್ಟಿ, ಸಾವಿರಾರು ಸಹಿಗಳ ಅರ್ಜಿಯನ್ನು ಹೊಸ ಪಾರ್ಲಿಮೆಂಟಿಗೆ ಸಲ್ಲಿಸಿತು. ೨೦೦೦ದಲ್ಲಿ ಸಾಧ್ಯಾಸಾಧ್ಯತೆಯ ವರದಿಯು ಪ್ರಕಟವಾಯಿತು. ಎಡಿನ್‌ಬರೊದಿಂದ ಟ್ವೀಡ್‌ಬ್ಯಾಂಕಿನವರೆಗೆ, ಅಂದರೆ ಹಳೆಯ ಮಾರ್ಗದ ಮೂರನೆಯ ಒಂದು ಭಾಗದಷ್ಟನ್ನು ಮಾತ್ರ, ತೆರೆಯುವುದೆಂದು ನಿಶ್ಚಯವಾಯಿತು.

ಆಗ ಜಾರಿಯಲ್ಲಿದ್ದ ಪದ್ಧತಿಯಂತೆ ಹೊಸ ರೈಲುಮಾರ್ಗಕ್ಕೆ ನೆಲವನ್ನು ಬಲವಂತವಾಗಿ ಪಡೆಯಲು ಪಾರ್ಲಿಮೆಂಟಿನ ಖಾಸಗಿ ಶಾಸನ ಬೇಕಾಗಿತ್ತು. ಈ ಪದ್ಧತಿಯಲ್ಲಿಯೇ ಸ್ಟರ್ಲಿಂಗ್ ಮತ್ತು ಅಲೋವ ಊರುಗಳ ನಡುವಿನ ಪಾಳುಮಾರ್ಗಕ್ಕೆ ೨೦೦೪ರಲ್ಲಿ ಶಾಸನವಾಗಿ, ೨೦೦೮ರಲ್ಲಿ ಅಲ್ಲಿ ರೈಲು ಓಡಿತು. ವೇವರ್ಲಿ ವಿಧೇಯಕವನ್ನು ಗಡಿನಾಡಿನ ಸ್ಥಳೀಯ ಮಂಡಲಿಯು ೨೦೦೩ರ ಸೆಪ್ಟೆಂಬರಿನಲ್ಲಿ ಮಂಡಿಸಿತು. ಅದನ್ನು ಪರಿಶೀಲಿಸಲು ನೇಮಕವಾದ ಸಮಿತಿಯ ಅಧ್ಯಕ್ಷೆ ಟ್ರಿಷಾ ಮಾರ್ವಿಕ್. ಆ ಪ್ರದೇಶದ ಪ್ರತಿನಿಧಿಗಳಾಗಲಿ ನಿವಾಸಿಗಳಾಗಲಿ ಇಂಥ ಸಮಿತಿಯ ಸದಸ್ಯರಾಗಕೂಡದೆಂಬುದು ನಿಯಮ. ಸಮಿತಿಯು ಅರೆ ನ್ಯಾಯಾಲಯದಂತೆ ಕೆಲಸ ಮಾಡಬೇಕಾಗಿದ್ದುದೇ ಇದಕ್ಕೆ ಕಾರಣ. ಒಂದು ಕಡೆ ಮಂಡಲಿ, ಇನ್ನೊಂದು ಕಡೆ ಆಕ್ಷೇಪಕರು. ಇಬ್ಬರೂ ಸಾಕ್ಷ್ಯ ಕೊಟ್ಟು ಪರಸ್ಪರ ಪ್ರಶ್ನಿಸಬಹುದಾಗಿತ್ತು.

ಬಂದ ಆಕ್ಷೇಪಣೆಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ನೆಲದ್ದು: ತಮ್ಮ ಜಮೀನೋ ಹಿತ್ತಲೋ ಮಾರ್ಗಕ್ಕೆ ಹೋಗುವುದೆಂಬ ದೂರು. ಎರಡನೆಯದು ನೆಮ್ಮದಿಯದು: ಮನೆಯ ಬಳಿ ಸದ್ದು, ಕಂಪನ, ಕಟ್ಟಡದ ಕೆಲಸದ ಧೂಳು, ನಿಲ್ದಾಣಕ್ಕೆ ಬರುವ ಮೋಟಾರುಗಳ ದಟ್ಟಣೆ. ಮೂರನೆಯದು ಪ್ರಕೃತಿಯದು: ಮಾರ್ಗವು ಗಾಲಾ ಎಂಬ ಹೊಳೆಯನ್ನು ಮತ್ತೆ ಮತ್ತೆ ದಾಟುತ್ತದೆ, ಆ ಹೊಳೆ ಸೇರುವ ಟ್ವೀಡ್ ನದಿಯು ಸಾಲ್ಮನ್ ಮೀನಿಗೆ ಪ್ರಸಿದ್ಧವಾದ ಸಂರಕ್ಷಿತ ನೀರು. ನಾಲ್ಕನೆಯದು ಯೋಜನೆಯ ತಿರುಳನ್ನೇ ಪ್ರಶ್ನಿಸುವಂಥದು: ಇಷ್ಟು ಹಣಕ್ಕೆ ಇಷ್ಟು ಪ್ರಯೋಜನ ಸಾಕೇ, ಬಸ್ಸು ಸಾಲದೇ, ಹಾಯ್ಕನ್ನು ಮುಟ್ಟದ ರೈಲು ಗಡಿನಾಡಿನ ರೈಲು ಹೇಗಾದೀತು ಎಂಬುದು.

೧೯೬೬ರ ಸುಮಾರಿನ ವಿಚಾರಣೆಗೂ ಇದಕ್ಕೂ ಇರುವ ಅಂತರವು ಈ ನಾಲ್ಕನೆಯ ಬಗೆಯಲ್ಲಿ ಎದ್ದು ಕಾಣುತ್ತದೆ. ಹಿಂದೆ ಕೇಳಬಾರದಾಗಿದ್ದ ಪ್ರಶ್ನೆಗಳು ಈಗ ಸಮಿತಿಯ ಮೊದಲ ಹಂತದ ಮುಖ್ಯ ಪ್ರಶ್ನೆಗಳೇ ಆದವು. ಯೋಜನೆಯ ಸಾಮಾನ್ಯ ತತ್ತ್ವವು ಒಪ್ಪತಕ್ಕದ್ದೇ ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಒಂದೊಂದು ಆಕ್ಷೇಪಣೆಯನ್ನು ವಿವರವಾಗಿ ಕೇಳುವುದು ಕ್ರಮವಾಗಿತ್ತು. ಜೊತೆಗೆ, ಸ್ಕಾಟ್ಲೆಂಡಿನ ಪಾರ್ಲಿಮೆಂಟು ಮಾಡುವ ಯಾವ ಶಾಸನವೂ ಐರೋಪ್ಯ ಮಾನವಹಕ್ಕುಗಳ ಒಡಂಬಡಿಕೆಯನ್ನು ಮೀರುವಂತಿರಲಿಲ್ಲ. ಮನೆಯ ನೆಮ್ಮದಿಯೂ ಸ್ವತ್ತಿನ ಅನುಭೋಗವೂ ಆ ಒಡಂಬಡಿಕೆಯ ರಕ್ಷಣೆಯನ್ನು ಪಡೆದಿರುವ ಹಕ್ಕುಗಳು. ಆದ್ದರಿಂದ ಒಬ್ಬನ ಹಿತ್ತಲಿಗೂ ಒಂದು ನಾಡಿನ ರೈಲಿಗೂ ನಡುವೆ ತಕ್ಕಡಿ ಹಿಡಿಯುವುದು ಸಮಿತಿಗೆ ಕೇವಲ ಔದಾರ್ಯವಾಗಿರದೆ ಕರ್ತವ್ಯವಾಗಿತ್ತು.

೬. ಸ್ಟೌ ಗ್ರಾಮದ ಪ್ರಕರಣ

ಆಕ್ಷೇಪಣೆಯೆಂದರೆ ಬೇಡವೆನ್ನುವುದು ಎಂದು ನಾವು ಸಾಧಾರಣವಾಗಿ ತಿಳಿಯುತ್ತೇವೆ. ಸ್ಟೌ ಗ್ರಾಮದ ಪ್ರಕರಣವು ಈ ತಿಳಿವಳಿಕೆಯನ್ನು ತಿದ್ದುತ್ತದೆ. ಸ್ಟೌ ಎಂಬುದು ಗಾಲಾ ಹೊಳೆಯ ಕಣಿವೆಯಲ್ಲಿ, ಗೋರ್‌ಬ್ರಿಜ್ ಮತ್ತು ಗ್ಯಾಲಷೀಲ್ಸ್ ಪಟ್ಟಣಗಳ ನಡುವೆ ಇರುವ ಸಣ್ಣ ಊರು. ಹಿಂದೆ ಅಲ್ಲಿ ನಿಲ್ದಾಣವಿತ್ತು. ಅದರ ಹಳೆಯ ಕಟ್ಟಡವೂ ಉಳಿದಿತ್ತು. ಆದರೆ ಮಂಡಿತವಾದ ವಿಧೇಯಕದಲ್ಲಿ ಸ್ಟೌ ನಿಲ್ದಾಣವಿರಲಿಲ್ಲ. ಅಲ್ಲಿ ಗಾಡಿ ನಿಂತರೆ ಪ್ರಯಾಣದ ಅವಧಿ ಹೆಚ್ಚುವುದು, ಹತ್ತುವವರು ಕಡಿಮೆ ಎಂಬ ಎಣಿಕೆ.

ಊರಿನವರ ಅಳಲು ಸಹಜವಾದದ್ದು. ಕಟ್ಟಡದ ಕೆಲಸದ ತೊಂದರೆಯೂ ಹಾದುಹೋಗುವ ಗಾಡಿಯ ಸದ್ದೂ ತಮಗೆ. ಗಾಡಿ ಮಾತ್ರ ಬೇರೆಯವರಿಗೆ. ರೈಲು ಬೇಡವೆಂದು ಅವರು ಹೇಳಲಿಲ್ಲ, ನಮ್ಮಲ್ಲಿಯೂ ನಿಲ್ಲಲಿ ಎಂದರು. ಸಮಿತಿಯು ಈ ವಾದವನ್ನು ಒಪ್ಪಿ ನಿಲ್ದಾಣವನ್ನು ಸೇರಿಸುವಂತೆ ಮಾಡಿತು. ಮಾರ್ಗವು ತೆರೆದ ಮೇಲೆ ಸ್ಟೌ ನಿಲ್ದಾಣವನ್ನು ಬಳಸಿದವರ ಸಂಖ್ಯೆ ಎಣಿಕೆಯ ಹಲವು ಪಟ್ಟಾಯಿತು. ತಜ್ಞರ ಲೆಕ್ಕಕ್ಕಿಂತ ಊರಿನವರ ಅನುಭವವು ಸತ್ಯಕ್ಕೆ ಹತ್ತಿರವಾಗಿತ್ತೆಂಬುದಕ್ಕೆ ಇಷ್ಟು ನೇರವಾದ ನಿದರ್ಶನವು ಅಪರೂಪ.

೭. ಶಾಸನ, ನಿರ್ಮಾಣ, ಫಲ

೨೦೦೬ರ ಜೂನ್ ೧೪ರಂದು ವಿಧೇಯಕವು ೧೧೪ ಮತಗಳಿಂದ ಅಂಗೀಕೃತವಾಯಿತು. ವಿರುದ್ಧವಾಗಿ ಬಿದ್ದದ್ದು ಒಂದೇ ಮತ. ಆದರೂ ಗಾಡಿ ಓಡಲು ಇನ್ನೂ ಒಂಬತ್ತು ವರ್ಷ ಬೇಕಾಯಿತು. ಈ ತಡಕ್ಕೆ ಆಕ್ಷೇಪಕರು ಕಾರಣರೆಂದು ಹೇಳುವುದು ತಪ್ಪಾದೀತು. ಶಾಸನವಾಗುವ ಹೊತ್ತಿಗೆ ಅವರ ಮಾತು ಮುಗಿದಿತ್ತು. ಖಾಸಗಿ ಬಂಡವಾಳದಿಂದ ಕಟ್ಟಿಸುವ ಏರ್ಪಾಡಿಗೆ ಟೆಂಡರು ಕರೆದಾಗ ಬಂದವರು ಒಬ್ಬೊಬ್ಬರಾಗಿ ಹಿಂದೆ ಸರಿದು, ೨೦೧೧ರಲ್ಲಿ ಆ ಏರ್ಪಾಡನ್ನೇ ಕೈಬಿಡಬೇಕಾಯಿತು. ಅನಂತರ ರಾಷ್ಟ್ರೀಯ ಹಳಿಜಾಲದ ಒಡೆತನವುಳ್ಳ ನೆಟ್‌ವರ್ಕ್ ರೈಲ್ ಸಂಸ್ಥೆಯು ಕೆಲಸವನ್ನು ವಹಿಸಿಕೊಂಡಿತು. ೨೦೦೫ರಲ್ಲಿ ಸರ್ಕಾರವು ಒಪ್ಪಿದ್ದ ನೆರವು ೧೧.೫ ಕೋಟಿ ಪೌಂಡು. ೨೦೧೨ರ ಬೆಲೆಯಂತೆ ಕಟ್ಟಡದ ವೆಚ್ಚ ೨೯.೪ ಕೋಟಿ ಪೌಂಡಿಗೆ ಏರಿತ್ತು. ವೆಚ್ಚವನ್ನು ಹಿಡಿತದಲ್ಲಿಡಲು ಜೋಡಿಹಳಿಯ ಉದ್ದವನ್ನು ೧೬ ಮೈಲಿಯಿಂದ ೯.೫ ಮೈಲಿಗೆ ಇಳಿಸಿದರು. ಉಳಿದುದೆಲ್ಲ ಒಂಟಿಹಳಿ. ಒಂದು ಗಾಡಿ ತಡವಾದರೆ ಎದುರಿನದೂ ಕಾಯಬೇಕಾದ ಈ ಕುಂದನ್ನು ಮಾರ್ಗದ ಅಭಿಮಾನಿಗಳೇ ಎತ್ತಿ ತೋರಿಸಿದ್ದಾರೆ.

೨೦೧೫ರ ಸೆಪ್ಟೆಂಬರ್ ೬ರಂದು ಸುಮಾರು ೩೦ ಮೈಲಿಯ ಮಾರ್ಗವು ಏಳು ಹೊಸ ನಿಲ್ದಾಣಗಳೊಡನೆ ಜನರಿಗೆ ತೆರೆಯಿತು. ಮೂರು ದಿನಗಳ ಮೇಲೆ ರಾಣಿ ಎರಡನೆಯ ಎಲಿಜಬೆತ್ ಉಗಿಬಂಡಿಯಲ್ಲಿ ಪ್ರಯಾಣಮಾಡಿ ವಿಧ್ಯುಕ್ತವಾಗಿ ಉದ್ಘಾಟಿಸಿದಳು. ಮೊದಲ ವರ್ಷದ ಪ್ರಯಾಣಗಳ ಎಣಿಕೆ ಸುಮಾರು ೬ ಲಕ್ಷ ೪೭ ಸಾವಿರ. ಆದದ್ದು ೧೨ ಲಕ್ಷ ೬೦ ಸಾವಿರಕ್ಕೂ ಹೆಚ್ಚು. ಆದರೆ ಈ ಒಟ್ಟು ಮೊತ್ತದಿಂದ ಮೋಸಹೋಗಬಾರದು. ಗ್ಯಾಲಷೀಲ್ಸ್, ಟ್ವೀಡ್‌ಬ್ಯಾಂಕ್ ಮತ್ತು ಸ್ಟೌ ನಿಲ್ದಾಣಗಳಲ್ಲಿ ಎಣಿಕೆ ಮೀರಿತು; ನಗರಕ್ಕೆ ಸಮೀಪದ ನಿಲ್ದಾಣಗಳಲ್ಲಿ ಮೊದಮೊದಲು ಎಣಿಕೆಯಷ್ಟು ಜನ ಬರಲಿಲ್ಲ. ದೂರದವರಿಗೆ ರೈಲಿನ ಅಗತ್ಯ ಕಡಿಮೆ, ಹತ್ತಿರದವರಿಗೆ ಹೆಚ್ಚು ಎಂಬ ಊಹೆಯೇ ತಲೆಕೆಳಗಾಗಿತ್ತು.

೮. ಉಪಸಂಹಾರ

ಮೇಲಿನ ವೃತ್ತಾಂತದಿಂದ ಎರಡು ತೀರ್ಮಾನಗಳು ಹೊರಡುತ್ತವೆ.

ಮೊದಲನೆಯದಾಗಿ, ಮುಚ್ಚುವುದಕ್ಕೂ ತೆರೆಯುವುದಕ್ಕೂ ಕಾನೂನಿನ ಭಾರ ಸಮನಾಗಿರಲಿಲ್ಲ. ೯೮ ಮೈಲಿಯ ಮಾರ್ಗವನ್ನು ಮುಚ್ಚಲು ಕಿರಿದಾದ ವಿಚಾರಣೆಯೂ ಒಬ್ಬ ಸಚಿವರ ಒಪ್ಪಿಗೆಯೂ ಸಾಕಾದವು. ಅದರಲ್ಲಿ ೩೦ ಮೈಲಿಯನ್ನು ತೆರೆಯಲು ಸುಮಾರು ಮೂರು ವರ್ಷದ ಶಾಸನಕಾರ್ಯ ಬೇಕಾಯಿತು. ಈ ಅಸಮತೆಯನ್ನು ಕಂಡು ಆಕ್ಷೇಪಣೆಯ ಹಕ್ಕನ್ನೇ ಮೊಟಕುಗೊಳಿಸಬೇಕೆಂದು ವಾದಿಸುವವರಿದ್ದಾರೆ. ಸ್ಕಾಟ್ಲೆಂಡ್ ೨೦೦೭ರಲ್ಲಿ ಬೇರೊಂದು ಶಾಸನ ಮಾಡಿ, ಇಂಥ ಯೋಜನೆಗಳಿಗೆ ಖಾಸಗಿ ವಿಧೇಯಕದ ಬದಲು ಸಚಿವರ ಆಜ್ಞೆಯ ಕ್ರಮವನ್ನು ತಂದದ್ದು ನಿಜ. ಆದರೆ ಅಲ್ಲಿಯೂ ಆಕ್ಷೇಪಣೆ ಸಲ್ಲಿಸುವ ಹಕ್ಕನ್ನು ಉಳಿಸಿಕೊಂಡಿತು. ಈ ಲೇಖಕನಿಗೆ ತೋರುವಂತೆ ಕೊರತೆಯಿದ್ದದ್ದು ೨೦೦೩ರ ಕ್ರಮದಲ್ಲಲ್ಲ, ೧೯೬೨ರ ಕ್ರಮದಲ್ಲಿ. ತೆರೆಯುವಾಗ ಕೇಳಿದಷ್ಟು ಪ್ರಶ್ನೆಗಳನ್ನು ಮುಚ್ಚುವಾಗಲೇ ಕೇಳಿದ್ದರೆ, ತೆರೆಯುವ ಪ್ರಸಂಗವೇ ಬಾರದಿರಬಹುದಿತ್ತು.

ಎರಡನೆಯದಾಗಿ, ಮುಚ್ಚುಗಡೆಯ ಲೆಕ್ಕದಲ್ಲಿ ಒಂದು ಬಾಬನ್ನು ಯಾರೂ ಬರೆಯಲಿಲ್ಲ: ನೆಲದ ಪಟ್ಟಿಯನ್ನು ಒಡೆದುದರ ನಷ್ಟ. ಅಮೆರಿಕದಲ್ಲಿ ೧೯೮೩ರ ಶಾಸನವು, ಪಾಳುಬಿದ್ದ ರೈಲಿನ ಜಾಡನ್ನು ಕಾಲುದಾರಿಯಾಗಿ ಬಳಸಿಕೊಂಡು ಮುಂದಿನ ರೈಲಿಗಾಗಿ ಕಾದಿರಿಸುವ ಉಪಾಯವನ್ನು ಕಂಡಿತು. ಗಡಿನಾಡಿನಲ್ಲಿ ಅಂಥ ಏರ್ಪಾಡಿದ್ದಿದ್ದರೆ ರಸ್ತೆಯ ವೃತ್ತದ ಮೇಲೆ ಸೇತುವೆ ಹಾರಿಸುವ ವೆಚ್ಚವೂ, ನಂಬಿಕೆಯಿಂದ ಮನೆ ಕೊಂಡವರನ್ನು ಕಟಕಟೆಗೆ ತರುವ ಸಂಕಟವೂ ಬಹುಮಟ್ಟಿಗೆ ತಪ್ಪುತ್ತಿದ್ದವು. ೧೯೬೯ರಲ್ಲಿ ಉಳಿಸಿದೆವೆಂದುಕೊಂಡ ಹಣದ ಬಹುಭಾಗವನ್ನು ಮುಂದಿನ ತಲೆಮಾರು ಈ ರೂಪದಲ್ಲಿ ತೆತ್ತಿತು.

ಟ್ವೀಡ್‌ಬ್ಯಾಂಕಿನಲ್ಲಿ ಹಳಿ ನಿಂತಿತು. ಹಾಯ್ಕಿಗೆ ಅದು ಹೋಗಲಿಲ್ಲ. ೨೦೨೧ರಲ್ಲಿ ಗಡಿನಾಡಿನ ಅಭಿವೃದ್ಧಿಗಾಗಿ ಆದ ಒಪ್ಪಂದದಲ್ಲಿ ಹಾಯ್ಕಿನ ಮೂಲಕ ಕಾರ್ಲೈಲಿನವರೆಗೆ ಮಾರ್ಗವನ್ನು ಮುಂದುವರಿಸುವ ಸಾಧ್ಯತೆಯ ಪರಿಶೀಲನೆಗೆ ಹಣವನ್ನು ತೆಗೆದಿರಿಸಲಾಯಿತು. ಆ ಕಾರ್ಯವು ಎಂದಾದರೂ ಕೈಗೂಡಿದರೆ, ಗೇಟು ಹಾಕಿ ನಿಂತಿದ್ದ ನ್ಯೂಕ್ಯಾಸಲ್‌ಟನ್ನಿನ ಜನರ ಮಕ್ಕಳು ಮೊಮ್ಮಕ್ಕಳು ಮತ್ತೊಮ್ಮೆ ಸಾಕ್ಷ್ಯ ನುಡಿಯಬೇಕಾಗುತ್ತದೆ. ಅವರಲ್ಲಿ ಕೆಲವರು ಬೇಕೆನ್ನುವರು, ಕೆಲವರು ಬೇಡವೆನ್ನುವರು. ಎರಡನ್ನೂ ಸಾವಧಾನವಾಗಿ ಕೇಳುವ ಸಮಿತಿಯೊಂದಿದ್ದರೆ, ಯಾರೂ ರಾತ್ರಿಯ ಚಳಿಯಲ್ಲಿ ಹಳಿಯ ಮೇಲೆ ನಿಲ್ಲಬೇಕಾಗುವುದಿಲ್ಲ.